ವಸಡಿನ ರಕ್ತ ನಿಂತಾಗ

ನನ್ನ ಉಬ್ಬುಹಲ್ಲು ಮಗಳಿಗೂ ಬಂದಿತ್ತು. ನಗುವಾಗ ಬಾಯಿಗೆ ಸೆರಗು ಒಯ್ಯುವ ನನ್ನ ಚಾಳಿಯೂ ಬಂದಿತ್ತು. ಅವಳು ವೇಲು ಒಯ್ಯುತ್ತಿದ್ದಳು. ಹಲ್ಲಿಗೆ ತಂತಿ ಹಾಕಿಸೋಣವೆಂದರೆ ಹದಿಮೂರರ ಹುಡುಗಿ ಹಟ ಹಿಡಿದಳು. "ನೀ ಹಾಕಿಸ್ಕೊಂಡ್ರ ನಾನೂ ಹಾಕಿಸ್ಕೋತೀನಿ." ನಲವತ್ತೆರಡರ ನನಗೂ ಒಳಗೊಳಗೇ ಆಸೆ ಇತ್ತು, ಈಗ ಮುಚ್ಚಿಟ್ಟೇನು ಮಾಡಲಿ? ಶಹಾಪುರದಿಂದ ಬಸ್ಸು ಹತ್ತಿ ಇಬ್ಬರೂ ಯಾದಗಿರಿಯ ಹಲ್ಲಿನ ಡಾಕ್ಟರ ಹತ್ತಿರ ಹೋದೆವು.

"ಸಣ್ಣವರ ವಸಡು ಲಗೂನ ಬಾತ್ಕೋತದ, ಲಗೂನ ಇಳೀತದ. ನಿಮ್ಮ ವಯಸ್ಸಿನಾಗ ಹಂಗಲ್ರಿ ಮೇಡಂ. ಒಮ್ಮೆ ಹಲ್ಲು ಬಿಟ್ಟು ಸರೀತಂದ್ರ ತಿರುಗಿ ಬರಂಗಿಲ್ಲ" ಎಂದರು ಡಾಕ್ಟರು. "ತಂಬಾಕು ಗಿಂಬಾಕು ಏನರ ಹಚ್ತೀರೇನು?"

"ಛೀ ಛೀ, ನಾ ಸಾಲ್ಯಾಗ ಕಲಿಸಾಕಿ ಅದೀನ್ರಿ!"

ಸುಳ್ಳು. ಇದೇ ಮಗಳನ್ನು ಹೆತ್ತ ಬಾಣಂತನದಲ್ಲಿ, ದೋರನಹಳ್ಳಿಯ ತವರಲ್ಲಿ, ಹಲ್ಲು ಗಟ್ಟಿಯಾಗಲೆಂದು ನಮ್ಮವ್ವ ಮಿಶ್ರಿ ಹಚ್ಚಿಸಿದ್ದಳು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿ. ನಮ್ಮ ಹೆಂಗಸರು ಅದನ್ನು ನಶೆ ಅನ್ನುವುದಿಲ್ಲ, ಹಲ್ಲುಪುಡಿ ಅನ್ನುತ್ತಾರೆ. ಬೆಳಿಗ್ಗೆ ವಸಡಿಗೆ ಮಿಶ್ರಿ ಉಜ್ಜಿಕೊಂಡು, ಹತ್ತು ಗಂಟೆಗೆ ಮಕ್ಕಳಿಗೆ ತಂಬಾಕು ಕೆಟ್ಟದ್ದೆಂದು ಪಾಠ ಮಾಡುವ ಭಂಡ ಹೆಂಗಸು ನಾನು. ಪಕ್ಕದಲ್ಲಿದ್ದ ಮಗಳು ನನ್ನತ್ತ ತಿರುಗಿ ಏನೋ ಹೇಳಲು ಹೊರಟಳು. ಚೀಲದ ಮರೆಯಲ್ಲಿ ಅವಳ ತೊಡೆ ಚಿವುಟಿದೆ. ಸುಮ್ಮನಾದಳು.

ತಂತಿ ಹಾಕಿಸಿದ ಎರಡನೇ ತಿಂಗಳಿಗೆ ಅವಳ ವಸಡು ಕೆಂಪಗೆ ಊದಿ ಹಲ್ಲನ್ನೇ ಅರ್ಧ ಮುಚ್ಚಿತು. ಡಾಕ್ಟರ ಕೈಲಿ ಬೈಸಿಕೊಂಡು, ಉಂಡಾಗೊಮ್ಮೆ ಬ್ರಷ್ ಮಾಡತೊಡಗಿದಳು. ಕೆಲವೇ ವಾರದಲ್ಲಿ ಊತ ಇಳಿದು ಮೊದಲಿನಂತಾಯಿತು. ನನ್ನದು ಊದಲಿಲ್ಲ, ಬರೀ ರಕ್ತ ಬಂತು. ಹೆದರಿ, ದಿನಕ್ಕೊಮ್ಮೆ ಹಚ್ಚುತ್ತಿದ್ದ ಮಿಶ್ರಿಯನ್ನು ಮೂರು ಸಲ ಹಚ್ಚಿದೆ. ರಕ್ತ ನಿಂತೇಬಿಟ್ಟಿತು!

"ನೋಡ, ನಿನಗಿಂತ ನಂದ ಚಲೋ ಅದ" ಎಂದು ಮಗಳೆದುರು ಮೆರೆದೆ. ಪರೀಕ್ಷೆ ಕೆಲಸದ ನೆಪ ಹೇಳಿ ಎಷ್ಟೋ ತಿಂಗಳು ಅವಳನ್ನಷ್ಟೇ ಅವಳಪ್ಪನ ಜೊತೆ ಯಾದಗಿರಿಗೆ ಕಳಿಸಿದೆ. ಹಲ್ಲು ಉದ್ದ ಕಾಣುತ್ತಿವೆ ಅನ್ನಿಸಿದರೂ ತಂತಿ ಎಳೆದದ್ದಕ್ಕೆ ಎಂದುಕೊಂಡೆ. ಒಂದು ಮುಂಜಾನೆ ಕಟಕ ರೊಟ್ಟಿ ಕಚ್ಚಿದಾಗ ಮುಂದಿನ ಎರಡು ಹಲ್ಲು ಅಲ್ಲಾಡಿದವು. ಅವತ್ತೇ ಯಾದಗಿರಿಗೆ ಹೋಗಿ ಮಿಶ್ರಿಯ ವಿಷಯ ಬಾಯಿಬಿಟ್ಟೆ.

ಡಾಕ್ಟರು ಎಕ್ಸ್‌ರೇ ತೋರಿಸಿದರು. "ಒಳಗ ಎಲುಬು ಕರಗಾಕತ್ತಿತ್ತು. ರಕ್ತ ಬರೋದೇ ಅದರ ಗುರುತು. ತಂಬಾಕು ಆ ರಕ್ತ ನಿಲ್ಲಿಸಿ ಬ್ಯಾನಿ ಮುಚ್ಚಿಟ್ಟದ. ಮೊದಲೇ ಹೇಳಿದ್ರ ತಂತೀನೇ ಹಾಕ್ತಿರಲಿಲ್ರಿ." ಅವರು ಬೈದಿದ್ದರೂ ಚೆನ್ನಾಗಿತ್ತು. ಬೈಯಲಿಲ್ಲ.

ಮಗಳ ತಂತಿ ಬಿಚ್ಚಿದ ದಿನವೇ ನನ್ನ ಎರಡೂ ಹಲ್ಲು ಕಿತ್ತರು. ಅವಳ ಹಲ್ಲು ನೆಟ್ಟಗೆ, ವಸಡು ಗುಲಾಬಿಯಾಗಿ, ಎಷ್ಟು ಚಂದ ಕಾಣುತ್ತಿದ್ದಳು ಹುಡುಗಿ! ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು:

"ಯವ್ವಾ, ಅವತ್ತ ನಾ ಡಾಕ್ಟರ್‌ಗೆ ಹೇಳಿದ್ರ ನಿನ್ನ ಹಲ್ಲು ಉಳೀತಿದ್ವೇನು?"

ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದೆ. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅದೂ ಸುಳ್ಳೇ. ಅವಳು ನಂಬಲಿಲ್ಲ. ಆ ನೆಟ್ಟಗಿನ ಹಲ್ಲುಗಳ ಮೇಲೆ ವೇಲು ಎಳೆದುಕೊಂಡು, ಶಹಾಪುರ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಳು.