ಹಗ್ಗಕ್ಕೆ ಕೌದಿ ಸುತ್ತಿದ ಮೌಶಿ

ಮೌಶಿಯ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಯಾವುದೋ ಚಳಿಗಾಲದ ಗಾಳಿಯಲ್ಲಿ ದೋಣಿಯ ಹಗ್ಗಕ್ಕೂ, ದೋಣಿ ಕಟ್ಟುವ ಕಟ್ಟೆಯಾದ ಡಾಕಿನ ಕಬ್ಬಿಣದ ಗೂಟಕ್ಕೂ ನಡುವೆ ಸಿಕ್ಕಿ ಕಿತ್ತುಹೋದದ್ದು ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲ. ಆ ಬೋಳು ಹೆಬ್ಬೆರಳಿನಿಂದಲೇ ಅವರು ಹಗ್ಗಗಳನ್ನು ಒತ್ತಿ ನೋಡುತ್ತಿದ್ದರು, ಮಾರ್ಕೆಟ್ಟಿನಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ. ತಮ್ಮ ದೋಣಿಯದಷ್ಟೇ ಅಲ್ಲ, ಡಾಕಿನ ಈ ತುದಿಯಿಂದ ಆ ತುದಿಯವರೆಗೆ ಕಟ್ಟಿದ್ದ ಎಲ್ಲರ ಹಗ್ಗವನ್ನೂ. ಯಾರ ದೋಣಿ, ಅವರು ತಮಗೆ ಪರಿಚಯವೇ ಎಂದೆಲ್ಲ ವಿಚಾರಿಸುತ್ತಿರಲಿಲ್ಲ.

ಇಂಥವರನ್ನು ಆ ಡಾಕಿನಿಂದ ಎಬ್ಬಿಸಿ ಕಳಿಸಿದರು. ಎಬ್ಬಿಸಿದವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅವರ ಕೈಗೆ ಕಾರಣ ಒದಗಿಸಿಕೊಟ್ಟ ಮನುಷ್ಯನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಅವನು ಯಾರೆಂದು ಮುಂದೆ ಹೇಳುತ್ತೇನೆ.

ನಾನೂ ನನ್ನ ಹೆಂಡತಿಯೂ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯಲ್ಲಿ, ಬಾಡಿಗೆಗೆ ದೋಣಿ ನಿಲ್ಲಿಸುವ ಒಂದು ಮರೀನಾದಲ್ಲಿ ಹಳೆಯ ಹಾಯಿದೋಣಿ ಕೊಂಡು, ಅದರಲ್ಲೇ ಸಂಸಾರ ಹೂಡಿದ ಮೊದಲ ದಿನ. ಮೈಸೂರಿನವನಾದ ನನಗೆ ಕೆರೆಯ ಏರಿಯ ಮೇಲೆ ವಾಕಿಂಗ್ ಹೋದದ್ದು ಬಿಟ್ಟರೆ ನೀರಿನ ಸಹವಾಸವಿಲ್ಲ. ಫೋನಿನಲ್ಲಿ ವೀಡಿಯೋ ನೋಡಿಕೊಂಡು, ಕನ್ನಡದಲ್ಲಿ ಬೈದುಕೊಂಡು ಹಗ್ಗ ಬಿಗಿಯುತ್ತಿದ್ದೆ. ಕೇಸರಿ ಬಣ್ಣದ ರಬ್ಬರ್ ಬೂಟು, ನೈಟಿಯ ಮೇಲೆ ದಪ್ಪ ಜಾಕೆಟ್ಟು, ಹಣೆಯಲ್ಲಿ ಕಾಸಗಲ ಕುಂಕುಮ ಇಟ್ಟಿದ್ದ ಹೆಂಗಸೊಬ್ಬರು ಪಕ್ಕದ ದೋಣಿಯಿಂದ ಇಳಿದು ಬಂದು ನಿಂತರು.

"ಕನ್ನಡದವರೇನು?"

"ಹೌದು ಆಂಟಿ. ಮೈಸೂರು."

"ಆಂಟಿ ಅನಬ್ಯಾಡ, ಇಲ್ಲೆ ಎಲ್ಲಾರೂ ನನಗ ಮೌಶಿ ಅಂತಾರ. ಏನೋ ತಮ್ಮಾ, ಎಂದೂ ದನಾ ಕಟ್ಟಿಲ್ಲೇನು? ಬಿಗೀ ಕಟ್ಟಿದ್ರ ದನಾ ಉಸಿರುಗಟ್ಟಿ ಸಾಯ್ತದ. ಸಡ್ಲ ಬಿಟ್ರ ಮಂದಿ ಹೊಲಾ ಮೇಯ್ತದ."

ದೋಣಿ ಕಟ್ಟುವ ವಿದ್ಯೆಯೆಲ್ಲ ಅಷ್ಟೇ. ಅಲೆಗೆ ಆಡಲು ಜಾಗವಿಲ್ಲದ ದೋಣಿ ಗೂಟವನ್ನೇ ಕಿತ್ತುಕೊಳ್ಳುತ್ತದೆ, ಸಡಿಲ ಬಿಟ್ಟದ್ದು ಪಕ್ಕದವರಿಗೆ ಗುದ್ದುತ್ತದೆ. ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿ, ಹತ್ತು ನಿಮಿಷದಲ್ಲಿ ಮತ್ತೆ ಕಟ್ಟಿಕೊಟ್ಟು ಹೋದರು.

ಅವರ ಊರು ಗದಗದ ಕಡೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು, ಮನೆಯಲ್ಲಿ ಒಂದು ಎಮ್ಮೆ. ಮದುವೆಯಾಗಿ ಈ ದೇಶಕ್ಕೆ ಬಂದು, ಗಂಡನನ್ನು ಬೇಗ ಕಳೆದುಕೊಂಡು, ಬರ್ಕ್ಲಿಯ ವಿಶ್ವವಿದ್ಯಾಲಯದ ಒಂದು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದ್ದರು. "ನಾ ಬಾಟ್ಲಿ ತೊಳದು ತೊಳದು ಎಷ್ಟ್ ಮಂದೀನ ಡಾಕ್ಟರೇಟ್ ಮಾಡಿಸೀನಿ, ಲೆಕ್ಕಿಲ್ಲ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಅಪಾರ್ಟ್‌ಮೆಂಟಿನ ಬಾಡಿಗೆ ಕೈಗೆಟುಕಲಿಲ್ಲ. ಲ್ಯಾಬಿನವರೊಬ್ಬರು ಊರು ಬಿಡುವಾಗ ತಮ್ಮ ಪುಟ್ಟ ದೋಣಿಯನ್ನು ಇವರಿಗೆ ಬಿಟ್ಟುಕೊಟ್ಟರು. ಅರವತ್ತು ದಾಟಿದ, ಈಜು ಬಾರದ, ಬಯಲುಸೀಮೆಯ ಹೆಂಗಸು ನೀರಿನ ಮೇಲೆ ಮನೆ ಮಾಡಿದ್ದು ಹೀಗೆ. ದೋಣಿಯ ಟ್ಯಾಂಕಿನಲ್ಲಿ ನೀರು ಮುಗಿದೀತು ಎಂದು ನಾವು ಪರದಾಡುವುದನ್ನು ಕಂಡು ಅವರಿಗೆ ನಗು. "ಎಂಟು ದಿವಸಕ್ಕೊಮ್ಮೆ ನಳಾ ಬರೋ ಊರಾಗ ಹುಟ್ಟಿದಾಕಿ ನಾನು. ನಿಮ್ಮ ಟಾಕಿ ನನಗೇನ್ ಹೆದರಸ್ತದ?"

ಬೆಳಿಗ್ಗೆ ಅವರ ದೋಣಿಯಿಂದ ರೊಟ್ಟಿ ಬಡಿಯುವ ಸದ್ದು ಡಾಕಿನುದ್ದಕ್ಕೂ ಕೇಳುತ್ತಿತ್ತು. ಮಧ್ಯಾಹ್ನ ಹೊರಗೆ ಕೂತು ಕೌದಿ ಬಿಚ್ಚುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿಗಳನ್ನು ಊರಿಂದ ತಂದಿದ್ದರು. ಅವನ್ನು ಗೇಣುದ್ದದ ಚೂರುಗಳಾಗಿ ಕತ್ತರಿಸಿ, ಹಗ್ಗ ಎಲ್ಲಿ ದೋಣಿಯ ಅಂಚಿಗೆ ಉಜ್ಜುತ್ತದೋ ಅಲ್ಲಿ ಸುತ್ತಿ ದಾರದಿಂದ ಹೊಲಿದುಬಿಡುವರು. "ಹಗ್ಗಾ ಹರಿಯೋದು ಗಾಳಿಗಲ್ಲ ತಮ್ಮಾ, ತಿಕ್ಕಾಟಕ್ಕ" ಎಂಬುದು ಅವರ ಸಿದ್ಧಾಂತ. ಅಂಗಡಿಯಲ್ಲಿ ಇದಕ್ಕೆಂದೇ ರಬ್ಬರಿನ ಕೊಳವೆ ಸಿಗುತ್ತದೆ. ಅದು ಎರಡು ಗಾಳಿಗೆ ಸೀಳಿ ಹೋಗುತ್ತಿತ್ತು. ಕೌದಿ ಹೋಗುತ್ತಿರಲಿಲ್ಲ.

ಈಗ ನಿಯಮದ ವಿಷಯ. ಈ ಕೊಲ್ಲಿಯ ಮರೀನಾಗಳಲ್ಲಿ ದೋಣಿ ಇಟ್ಟವರೆಲ್ಲ ಅದರಲ್ಲಿ ವಾಸ ಮಾಡುವಂತಿಲ್ಲ. ಹತ್ತರಲ್ಲಿ ಒಬ್ಬರಿಗೆ ಪರ್ಮಿಟ್ಟು ಸಿಕ್ಕರೆ ಪುಣ್ಯ. ಉಳಿದವರು ನಮ್ಮ ಮರೀನಾದಲ್ಲಿ ವಾರಕ್ಕೆ ಮೂರು ರಾತ್ರಿ ಮಾತ್ರ ಮಲಗಬಹುದಿತ್ತು. ನಮ್ಮ ಹೆಸರು ಕಾಯುವ ಪಟ್ಟಿಯಲ್ಲಿ ಹೇಗೋ ಮೇಲೆ ಬಂದು ಪರ್ಮಿಟ್ಟು ಸಿಕ್ಕಿತ್ತು. ಮೌಶಿಯ ಹೆಸರು ಒಂಬತ್ತು ವರ್ಷದಿಂದ ಪಟ್ಟಿಯಲ್ಲೇ ಇತ್ತು. ಕಾಗದದ ಮೇಲೆ ಅವರ ವಿಳಾಸ ಯೂನಿಯನ್ ಸಿಟಿಯ ತಂಗಿಯ ಮಗಳ ಮನೆ. ಅಲ್ಲಿ ಒಂದು ಕೋಣೆ ಅವರಿಗಾಗಿ ಇದ್ದದ್ದೂ ನಿಜ. "ಅಲ್ಲಿ ನಾ ಬೀಗರು ಇದ್ಧಂಗೋ. ಕೂಡ್ರಿ, ಉಣ್ರಿ ಅಂತಾರ. ಇಲ್ಲಿ ನಾ ಮನಿಯಾಕಿ" ಎನ್ನುತ್ತಿದ್ದರು. ಪ್ರತಿ ಶನಿವಾರ ಚೀಲ ಹಿಡಿದು, ಆಫೀಸಿನ ಕಿಟಕಿಯ ಮುಂದೆಯೇ ಹಾದು, "ಊರಿಗೆ ಹೊಂಟೀನಿ" ಎಂಬಂತೆ ಕೈ ಬೀಸಿ ರೈಲು ಹತ್ತುವರು. ಭಾನುವಾರ ಸಂಜೆಗೆ ವಾಪಸು. ಆಫೀಸಿನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮರೀನಾದ ಮ್ಯಾನೇಜರ್ ಹೆಂಗಸು ಎಷ್ಟೋ ಚಳಿಯ ಬೆಳಗುಗಳಲ್ಲಿ ಮೌಶಿಯ ದೋಣಿಯೊಳಗೇ ಕೂತು ಶುಂಠಿ ಚಹಾ ಕುಡಿದಿದ್ದಾಳೆ. ಶೇಂಗಾ ಹಿಂಡಿಯ, ಅಂದರೆ ನಮ್ಮ ಕಡೆಯ ಚಟ್ನಿಪುಡಿಯ, ಡಬ್ಬಿ ಮನೆಗೆ ಒಯ್ದಿದ್ದಾಳೆ. ಯಾರಾದರೂ ಬರೆದು ಕೇಳುವವರೆಗೆ ಯಾರೂ ಬರೆದು ಹೇಳಬೇಕಾಗಿರಲಿಲ್ಲ, ಅಷ್ಟೇ.

ಆ ಜನವರಿಯಲ್ಲಿ ಟೀವಿಯವರು ಭಾರಿ ಬಿರುಗಾಳಿ ಬರುತ್ತಿದೆ, "ಬಾಂಬ್ ಸೈಕ್ಲೋನ್" ಎಂದು ಬೊಬ್ಬೆ ಹೊಡೆಯತೊಡಗಿದರು. ನಮ್ಮ ಆಫೀಸಿನಿಂದ ಒಂದು ಮೇಲ್ ಬಂತು: ನಿಮ್ಮ ನಿಮ್ಮ ದೋಣಿಯ ಜವಾಬ್ದಾರಿ ನಿಮ್ಮದು. ಆಮೇಲೆ ಆಫೀಸಿಗೆ ಬೀಗ ಹಾಕಿ ಮನೆಗೆ ಹೋದರು. ಮೌಶಿ ಮಾತ್ರ ಎರಡು ದಿನ ಕೂತು, ತಮ್ಮ ತಾಯಿ ಹೊಲಿದಿದ್ದ ಕೊನೆಯ ಕೌದಿಯನ್ನೂ ಕತ್ತರಿಸಿದರು. ಅದನ್ನು ಮುಟ್ಟಬೇಡಿ ಎಂದೆ. "ಅವ್ವ ಹೊಲದದ್ದು ಹೊಚಗೊಳ್ಳಿಕ್ಕೆ. ಇದಕ್ಕೂ ಹೊಚಗೊಳ್ಳೋದೇ ಬೇಕಾಗ್ಯದ" ಎಂದು ಕತ್ತರಿ ನಿಲ್ಲಿಸದೆ ಹೇಳಿದರು. ಡಾಕಿನ ತುದಿಯಲ್ಲಿ ಲಾಸ್ ಗ್ಯಾಟೋಸಿನ ಗುಡ್ಡದ ಮೇಲೆ ಮನೆಯಿದ್ದ ಒಬ್ಬ ಸಾಹುಕಾರನ ದೊಡ್ಡ ಯಾಟ್, ಬಿಳಿಯ ವಿಲಾಸಿ ದೋಣಿ, ನಿಂತಿತ್ತು. ಅವನು ವರ್ಷಕ್ಕೆರಡು ಸಲ ಬಂದರೆ ಹೆಚ್ಚು. ಮೌಶಿ ಅದನ್ನು ಬಿಳೀ ಆನಿ ಎಂದೇ ಕರೆಯುತ್ತಿದ್ದರು. ಅದರ ಮೂರು ಹಗ್ಗಗಳಲ್ಲಿ ಎರಡಕ್ಕೆ ಕೌದಿ ಸುತ್ತಿದರು. ಮೂರನೆಯದು ಡಾಕಿನಿಂದ ಕೈಗೆ ಎಟುಕಲಿಲ್ಲ. ಇನ್ನೊಬ್ಬರ ದೋಣಿಯನ್ನು ಕೇಳದೆ ಹತ್ತಬಾರದೆಂದು ಹಾಗೇ ಬಿಟ್ಟರು.

ಗಾಳಿ ಬಂದ ದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ದೋಣಿಯ ಮೈಗೆ ದಬದಬ ಬಡಿದ ಸದ್ದು. ಹೆಂಡತಿ ನರ್ಸು, ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು. ನಾನೊಬ್ಬನೇ ಹೊರಗೆ ಬಂದೆ.

"ಏಳೋ ತಮ್ಮಾ! ಬಿಳೀ ಆನಿ ಹಗ್ಗಾ ಹರಕೊಂಡದ!"

ಆ ಮೂರನೆಯ ಹಗ್ಗವೇ ಹರಿದಿತ್ತು. ಯಾಟಿನ ಮೂತಿ ತಿರುಗಿ, ಪ್ರತಿ ಅಲೆಗೂ ನಮ್ಮ ಸಾಲಿನ ಕಡೆಗೆ ಬರುತ್ತಿತ್ತು. ಮೊದಲು ಸಿಗುವುದು ಮೌಶಿಯ ದೋಣಿ, ಆಮೇಲೆ ನಮ್ಮದು. ಕೌದಿ ಸುತ್ತಿದ್ದ ಎರಡು ಹಗ್ಗಗಳು ಹಿಡಿದುಕೊಂಡಿದ್ದವು. ಮಳೆ ಮುಖಕ್ಕೆ ಅಡ್ಡಡ್ಡ ಹೊಡೆಯುತ್ತಿತ್ತು. ಮೌಶಿ ಹಿಂದೆ ಮುಂದೆ ನೋಡದೆ ಯಾಟಿನ ಕಂಬಿ ಹಿಡಿದು ಹತ್ತಿಯೇಬಿಟ್ಟರು. ಈಜು ಬಾರದವರು! ಅಲ್ಲಿಂದ ತಮ್ಮದೇ ಹಗ್ಗವನ್ನು ನನ್ನತ್ತ ಎಸೆದರು. ನಾನು ಅದನ್ನು ಗೂಟಕ್ಕೆ ಸುತ್ತಿ ಎಳೆದೆ. ಅಷ್ಟರಲ್ಲಿ ಬೇರೆ ದೋಣಿಗಳಿಂದಲೂ ಜನ ಬಂದರು. ಮಧ್ಯಾಹ್ನ ಗಾಳಿ ಇಳಿಯುವವರೆಗೆ ಎಂಟು ಜನ ಸೇರಿ ಇಡೀ ಡಾಕನ್ನು ಕಾಯ್ದೆವು. ಎಂಟರಲ್ಲಿ ಪರ್ಮಿಟ್ಟು ಇದ್ದವನು ನಾನೊಬ್ಬನೇ.

ಇನ್ನು ಆ ಮನುಷ್ಯನ ವಿಷಯ. ನಾನು ಹದಿನೈದು ವರ್ಷ ಇಲ್ಲಿನ ಕಂಪನಿಗಳಲ್ಲಿ ದುಡಿದವನು. ಯಾರಾದರೂ ಒಳ್ಳೆಯ ಕೆಲಸ ಮಾಡಿದರೆ ಅವರ ಮ್ಯಾನೇಜರಿಗೆ ಮೆಚ್ಚುಗೆಯ ಮೇಲ್ ಹಾಕುವುದು ಇಲ್ಲಿನ ಸಂಪ್ರದಾಯ, ನನಗದು ರಕ್ತಕ್ಕೆ ಇಳಿದಿದೆ. ಅವತ್ತು ಸಂಜೆಯೇ ಮರೀನಾದ ಮ್ಯಾನೇಜರಿಗೆ ಉದ್ದನೆಯ ಮೇಲ್ ಬರೆದೆ. ಯಾಟಿನ ಯಜಮಾನನಿಗೂ ಒಂದು ಪ್ರತಿ ಹೋಗಲೆಂದು ಅವನ ವಿಳಾಸ ಹುಡುಕಿ ಸೇರಿಸಿದೆ. ನಮ್ಮ ಪಕ್ಕದಲ್ಲೇ ಒಂಬತ್ತು ವರ್ಷದಿಂದ ವಾಸವಾಗಿರುವ ಈ ಹಿರಿಯರು ಬೆಳಕಾಗುವ ಮೊದಲೇ ತಮ್ಮ ಹಾಸಿಗೆಯಿಂದ ಎದ್ದುಬಂದು ನಮ್ಮೆಲ್ಲರ ದೋಣಿ ಉಳಿಸಿದರು ಎಂದು ಬರೆದೆ. ಕಳಿಸುವ ಗುಂಡಿ ಒತ್ತಿದಾಗ ಎದೆಯುಬ್ಬಿತ್ತು, ಸುಳ್ಳು ಹೇಳುವುದಿಲ್ಲ.

ಡ್ಯೂಟಿ ಮುಗಿಸಿ ಬಂದ ಹೆಂಡತಿ ಅದನ್ನು ಓದಿ, ಬೂಟು ಬಿಚ್ಚುತ್ತಿದ್ದವಳು ಹಾಗೇ ನಿಂತಳು.

"ರೀ, ಇದನ್ನ ಕಳಿಸ್ಬಿಟ್ರಾ?"

"ಯಾಕೆ? ಸ್ಪೆಲ್ಲಿಂಗ್ ಏನಾದ್ರೂ ತಪ್ಪಿದ್ಯಾ?"

"ವಾಸವಾಗಿರುವ ಅಂತ ಬರೆದಿದೀರಲ್ರೀ!"

ನಾಲ್ಕನೆಯ ದಿನ ನನಗೆ ಆಫೀಸಿನಿಂದ ಉತ್ತರ ಬಂತು: ಇಂಥ ಒಳ್ಳೆಯ ಮಾತಿಗೆ ಧನ್ಯವಾದ, ಕೊನೆಯಲ್ಲಿ ಒಂದು ನಗುಮುಖ. ಅದೇ ದಿನ ಮೌಶಿಯ ದೋಣಿಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ ಹಳದಿ ನೋಟೀಸು ಅಂಟಿತ್ತು. ಪರ್ಮಿಟ್ಟಿಲ್ಲದೆ ವಾಸ, ಪರರ ದೋಣಿಯನ್ನು ಅನುಮತಿಯಿಲ್ಲದೆ ಹತ್ತಿದ್ದು. ಮೂವತ್ತು ದಿನದಲ್ಲಿ ಜಾಗ ಖಾಲಿ ಮಾಡಬೇಕು. ಪುರಾವೆಯಾಗಿ ನನ್ನ ವಾಕ್ಯವನ್ನೇ ಅಕ್ಷರ ಬಿಡದೆ ಇಳಿಸಿದ್ದರು. ಗೇಟಿನ ದಾಖಲೆಯನ್ನೂ ತೆಗೆದು ನೋಡಿದ್ದರಂತೆ: ಅವತ್ತು ಬೆಳಿಗ್ಗೆ ಅವರು ಹೊರಗಿಂದ ಬಂದೇ ಇಲ್ಲ, ವಾರದ ಮೂರು ರಾತ್ರಿ ಆಗಲೇ ಮುಗಿದಿದ್ದವು, ಹಾಗಾದರೆ ನಾಲ್ಕನೆಯ ರಾತ್ರಿಯೂ ಒಳಗೇ ಮಲಗಿದ್ದರು! ಹೊರಗಿಂದ ರೈಲು ಹಿಡಿದು ಬರುವವರೆಗೆ ಕಾದಿದ್ದರೆ ಡಾಕಿನಲ್ಲಿ ಏನು ಉಳಿದಿರುತ್ತಿತ್ತು ಎಂದು ಯಾವ ದಾಖಲೆಯೂ ಹೇಳುವುದಿಲ್ಲವಲ್ಲ.

ಆಫೀಸಿಗೆ ನುಗ್ಗಿದೆ. ಮ್ಯಾನೇಜರ್ ಕಣ್ಣು ತಗ್ಗಿಸಿಕೊಂಡೇ, "ನನಗೂ ಬೇಸರವೇ. ಆದರೆ ಬರಹದಲ್ಲಿ ಬಂದಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದಳು. ಅವಳ ಮೇಜಿನ ಮೇಲೆ ಶೇಂಗಾ ಹಿಂಡಿಯ ಡಬ್ಬಿ ಇತ್ತು. ಯಾಟಿನ ಯಜಮಾನನಿಗೆ ಫೋನ್ ಮಾಡಿದೆ, ನೀವು ಒಂದು ಮಾತು ಹೇಳಿದರೆ ಉಳಿಯುತ್ತಾರೆ ಎಂದು. ಆಕೆ ಬಹಳ ಒಳ್ಳೆಯವರಂತೆ ಕಾಣುತ್ತಾರೆ, ನಿಯಮದ ನಡುವೆ ನಾನು ಬರಲಾರೆ ಎಂದ. ಆಮೇಲೆ, ಯಾಟನ್ನು ಮಾರಾಟಕ್ಕೆ ಇಟ್ಟಿದ್ದೇನೆ, ಆ ಹಗ್ಗಕ್ಕೆ ಸುತ್ತಿದ ಬಣ್ಣದ ಬಟ್ಟೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ತೆಗೆಸಿಬಿಡಬಹುದೇ ಎಂದು ಕೇಳಿದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಫೋನ್ ಕುಕ್ಕಿದೆ.

ಸಹಿ ಸಂಗ್ರಹಕ್ಕೆ ಹೊರಟೆ. ಆಗ ಗೊತ್ತಾಯಿತು, ನಾನು ಎಂಥ ಬಲೆ ನೇಯ್ದಿದ್ದೇನೆಂದು. ಗಾಳಿಯಲ್ಲಿ ಅವರ ಜೊತೆ ನಿಂತವರೆಲ್ಲ ಪರ್ಮಿಟ್ಟಿಲ್ಲದವರು. ಸಹಿ ಹಾಕಿದರೆ ನಾವೂ ದಿನಾ ಇಲ್ಲೇ ಮಲಗುತ್ತೇವೆ ಎಂದು ಬರೆದುಕೊಟ್ಟಂತೆ. ಪರ್ಮಿಟ್ಟು ಇದ್ದವರಿಗೆ ತಮ್ಮದು ಹೋದೀತೆಂಬ ಭಯ. ಬಿದ್ದದ್ದು ಎರಡೇ ಸಹಿ, ನನ್ನದು ಮತ್ತು ನನ್ನ ಹೆಂಡತಿಯದು. ನಮ್ಮ ಜನ ಬೇರೆ ಕಡಿಮೆಯೇ? ಹಬ್ಬದ ಊಟದಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು ಒಬ್ಬಟ್ಟು ಮುರಿಯುತ್ತ, "ಆ ಏಜಲ್ಲಿ ಬೋಟಲ್ಲೆಲ್ಲ ಯಾಕಿರ್ಬೇಕು ಹೇಳಿ, ಸೇಫ್ಟಿ ಇಶ್ಯೂ ಅಲ್ವಾ? ಒಳ್ಳೇದೇ ಆಯ್ತು ಬಿಡಿ" ಎಂದರು. ಎಲೆ ಬಿಟ್ಟು ಎದ್ದುಬಂದೆ.

ಮೌಶಿಯ ಮುಂದೆ ಹೋಗಿ ನಿಲ್ಲಲು ನನಗೆ ಒಂದು ವಾರ ಬೇಕಾಯಿತು. ಅವರು ಚಹಾ ಸೋಸಿ ಕೊಟ್ಟರು. ನೋಟೀಸು ಅಡುಗೆ ಕಟ್ಟೆಯ ಮೇಲೇ ಇತ್ತು.

"ಇಂಗ್ಲೀಷ್ ಭಾಳ ಛಲೋ ಬರದೀಪಾ" ಎಂದರು.

ನನಗೆ ಅಳು ಬಂತು. ತಪ್ಪಾಯಿತು ಮೌಶಿ ಎಂದೆ.

"ನೀ ಛಲೋದಕ್ಕ ಬರದಿ, ಅದೇನ್ ನನಗ ಗೊತ್ತಾಗಂಗಿಲ್ಲೇನು? ಚಹಾ ಆರ್ತದ, ಕುಡಿ." ನೋಟೀಸನ್ನು ಮಡಚಿಟ್ಟು, "ಆದ್ರ ಒಂದ್ ಮಾತು. ಆಕಿ ಇಲ್ಲೇ ಕೂತು ಚಹಾ ಕುಡದಾಕಿ. ಹಾಳಿ ಅಂಟಿಸೋ ಮುಂದ ಒಮ್ಮೆ ಬಾಗಲಾ ಬಡೀಬೇಕಾಗಿತ್ತು" ಎಂದರು. ಅವರು ಆಡಿದ ದೂರು ಅದೊಂದೇ. ಆ ಒಂದು ಮಾತು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೊರಡುವ ದಿನವೂ ಡಾಕಿನುದ್ದಕ್ಕೂ ನಡೆದು ಎಲ್ಲ ಹಗ್ಗಗಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು, ಬಿಳೀ ಆನಿಯದ್ದನ್ನೂ ಸೇರಿಸಿ. ದೋಣಿ ಯಾರಿಗೋ ಹೋಯಿತು. ಯೂನಿಯನ್ ಸಿಟಿಯ ಆ ಮನೆಯವರು ಒಳ್ಳೆಯವರು, ಚೆನ್ನಾಗಿಯೇ ನೋಡಿಕೊಂಡರು. ಆದರೆ ನಾನು ಹೋದಾಗಲೆಲ್ಲ ಮೌಶಿ ಸೋಫಾದ ತುದಿಯಲ್ಲಿ ಕೈಕಟ್ಟಿ ಕೂತಿರುತ್ತಿದ್ದರು. ಗಾಳಿಯ ಸುದ್ದಿ ಬಂದರೆ ಫೋನ್ ಮಾಡುವರು: ಹಗ್ಗಾ ನೋಡೀಯೇನು, ಆ ಮೂರನೇದ್ದು ನೋಡೀಯೇನು. ಎರಡನೆಯ ಚಳಿಗಾಲಕ್ಕೆ ಹೃದಯದ ಕಾಯಿಲೆ ಅವರನ್ನು ಆಸ್ಪತ್ರೆಗೆ ಸೇರಿಸಿತು. ಕೊನೆಯ ಸಲ ನೋಡಲು ಹೋದಾಗ ಮಂಚದ ಕಂಬಿಯನ್ನು ಹಿಡಿದಿದ್ದ ಆ ಉಗುರಿಲ್ಲದ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದೆ. ಒಂದು ದಿನ ನಿಮ್ಮ ಬಗ್ಗೆ ಬರೆಯುತ್ತೇನೆ ಮೌಶಿ ಎಂದೆ.

ನಕ್ಕರು. "ಮತ್ತ ಬರೀತೀ? ನಾ ಹೋದ ಮ್ಯಾಲ ಬರಿಯಪಾ. ಆವಾಗ ನನ್ನ ಎಲ್ಲಿಂದ ಎಬ್ಬಸ್ತಾರ?"

ಅವರು ಹೋಗಿ ಎರಡು ವರ್ಷವಾಯಿತು. ಅದಕ್ಕೇ ಈಗ ಬರೆದಿದ್ದೇನೆ. ನನ್ನ ದೋಣಿಯ ಹಗ್ಗಕ್ಕೆ ಅವರ ತಾಯಿಯ ಕೌದಿಯ ಚೂರು ಇನ್ನೂ ಇದೆ, ಹಸಿರು ದಡಿಯದು. ಮೌಶಿಯ ಹೆಸರನ್ನೂ ಮರೀನಾದ ಹೆಸರನ್ನೂ ಎಲ್ಲಿಯೂ ಬರೆದಿಲ್ಲ, ಕೇಳಬೇಡಿ. ಆ ಡಾಕಿನಲ್ಲಿ ಇವತ್ತಿಗೂ ಆರು ಜನ ಪರ್ಮಿಟ್ಟಿಲ್ಲದೆ ಮಲಗುತ್ತಾರೆ, ಮುಂದಿನ ಗಾಳಿಗೆ ಎದ್ದು ಬರುವವರು ಅವರೇ.