ಸಣ್ಣ ದನೀಲೆ ಹೇಳು

ಆಯಿಯ ಎರಡೂ ಕಿವಿಯ ಹಾಲೆಗಳು ಸೀಳಿಹೋಗಿದ್ದವು. ಹರೆಯದಲ್ಲಿ ಹಾಕಿದ್ದ ಭಾರದ ಓಲೆ ಜಗ್ಗಿ ಜಗ್ಗಿ ತೂತು ಹರಿದು, ಆಮೇಲೆ ಓಲೆಯೂ ಹೋಗಿ, ಹಾಲೆಗಳು ಎರಡೆರಡು ತುಂಡಾಗಿ ಜೋತಾಡುತ್ತಿದ್ದವು. ಎಡಗಿವಿ ಪೂರ್ತಿ ಕಿವುಡು. ಯಾರಾದರೂ ಮಾತು ಶುರುಮಾಡಿದರೆ ತಲೆ ವಾಲಿಸಿ ಬಲಗಿವಿಯನ್ನು ನಮ್ಮ ಬಾಯಿಯ ಹತ್ತಿರಕ್ಕೇ ತಂದುಬಿಡುತ್ತಿದ್ದಳು. ಅಷ್ಟು ಹತ್ತಿರ ಬಂದ ಕಿವಿಗೆ ಸುಳ್ಳು ಹೇಳುವುದು ಕಷ್ಟ. ಅದು ನನಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಆಯಿ ಎಂದರೆ ನನ್ನ ಸ್ವಂತ ಅಜ್ಜಿಯಲ್ಲ. ಕಮಲಾಪುರದ ನಮ್ಮ ಕ್ರೈಸ್ತ ಸಭೆಯ ಬೈಬಲ್ ಬಾಯಿ. ಮನೆಮನೆಗೆ ಹೋಗಿ ಹೆಂಗಸರಿಗೆ ಸತ್ಯವೇದ ಓದಿ ಹೇಳಲು ಮಿಶನ್ನಿನವರು ನೇಮಿಸಿದ್ದ ವಿಧವೆ. ಪಾದ್ರಿಗಳು ಕಲಬುರಗಿಯಿಂದ ತಿಂಗಳಿಗೊಮ್ಮೆ ಬರುವರು. ಉಳಿದ ವಾರಗಳಲ್ಲಿ ಸಭೆಯನ್ನು ನೋಡಿಕೊಳ್ಳುತ್ತಿದ್ದವಳು ಇವಳೇ. ನಾವಿದ್ದದ್ದು ಹತ್ತು ಹನ್ನೆರಡು ಮನೆ, ಸಣ್ಣವರು ದೊಡ್ಡವರು ಸೇರಿ ನಲವತ್ತು ಜನ. ಬಹುತೇಕ ಎಲ್ಲರೂ ಬೇರೆಯವರ ಹೊಲದಲ್ಲಿ, ಬಾಳೆಯ ತೋಟದಲ್ಲಿ ದುಡಿಯುವವರು.

ನಮ್ಮ ಸಭೆಯಲ್ಲಿ ಕನಸು, ದರ್ಶನ ಕಾಣುವವರಿಗೆ ಕೊರತೆಯಿರಲಿಲ್ಲ. ರವಿವಾರದ ಪ್ರಾರ್ಥನೆಯಲ್ಲಿ ಯಾರೋ ಒಬ್ಬರು ಎದ್ದು ನಿಂತು ನಡುಗುತ್ತಾ "ಸ್ವಾಮಿ ಹೀಂಗ ಅಂದಾನ" ಎನ್ನುವರು. ಆಯಿ ಯಾರನ್ನೂ ತಡೆಯುತ್ತಿರಲಿಲ್ಲ. ಆದರೆ ಅವಳು ಕಟ್ಟಿಕೊಂಡು ಬಂದ ಒಂದು ರೂಢಿಯಿತ್ತು. ಹಾಗೆ ಹೇಳಿದವರು ಮರುದಿನ ಬೆಳಿಗ್ಗೆ ಅವಳ ಒಲೆಯ ಮುಂದೆ ಬಂದು ಕೂತು, ಅವಳು ತಟ್ಟಿದ ಬಿಸಿ ರೊಟ್ಟಿ ತಿಂದು, ಅದೇ ಮಾತನ್ನು ಮೆಲ್ಲಗೆ ಇನ್ನೊಮ್ಮೆ ಹೇಳಬೇಕು. ಪಕ್ಕದಲ್ಲಿ ಇನ್ನಿಬ್ಬರು ಕೂತು ಕೇಳಬೇಕು. ಅಲ್ಲಿಯವರೆಗೆ ಆ ಮಾತಿನ ಮೇಲೆ ಯಾರೂ ಏನೂ ಮಾಡಕೂಡದು. ಪ್ರವಾದನೆಯನ್ನು ಉಳಿದವರು ತೂಗಿ ನೋಡಬೇಕು ಎಂದು ಅಪೊಸ್ತಲನೇ ಬರೆದಿದ್ದಾನಲ್ಲ, ಅದನ್ನು ಅವಳು ತನ್ನ ಅಡುಗೆಮನೆಗೆ ತಂದಿದ್ದಳು ಅಷ್ಟೆ.

"ದೇವರ ಮಾತಾದ್ರ ಸಣ್ಣ ದನಿಗೂ ತಾಳತದ. ಹೊಟ್ಟಿ ತುಂಬಿದ ಮ್ಯಾಲೂ ತಾಳತದ" ಎನ್ನುತ್ತಿದ್ದಳು.

ಬಹಳ ದರ್ಶನಗಳು ಆ ಒಲೆಯ ಮುಂದೆಯೇ ಮುಗಿಯುತ್ತಿದ್ದವು. ಒಬ್ಬ, ತನ್ನ ಭಾವಮೈದುನನ ಎಮ್ಮೆ ತನಗೇ ಸೇರಬೇಕೆಂದು ಸ್ವಾಮಿ ಹೇಳಿದ್ದಾನೆ ಎಂದು ಬಂದ. ಆಯಿ ಬಹಳ ಗಂಭೀರವಾಗಿ, "ಎಮ್ಮಿ ಒಂದೇ ಅಂದಾನೋ, ಕರ ಸುದ್ದಾ ಅಂದಾನೋ?" ಎಂದಳು. ಅವನು ಯೋಚಿಸಿ "ಕರ ಸುದ್ದಾ" ಎಂದ. ಪಕ್ಕದಲ್ಲಿ ಕೂತಿದ್ದ ಇಬ್ಬರೂ ನಗು ತಡೆಯಲಾರದೆ ಎದ್ದು ಹೊರಗೆ ಹೋದರು. ಇನ್ನೊಮ್ಮೆ ಒಬ್ಬ ಮುದುಕಿ ಬಂದು, ಹತ್ತು ವರ್ಷದಿಂದ ಮಾತು ಬಿಟ್ಟ ತಂಗಿಯ ಮನೆಗೆ ಹೋಗಿ ತಪ್ಪೊಪ್ಪಿಕೋ ಎಂದು ಸ್ವಾಮಿ ಹೇಳಿದ್ದಾನೆ ಎಂದಳು. ಆಯಿ ರೊಟ್ಟಿ ತಟ್ಟುವುದನ್ನೂ ನಿಲ್ಲಿಸಲಿಲ್ಲ. "ಇದರ ಭಾರ ಹೇಳಿದಾಕಿ ಮ್ಯಾಲೇ ಬಿದ್ದದ. ಹೋಗವ್ವಾ, ಇವತ್ತ ಹೋಗು" ಎಂದಳು.

ಪೊಲೀಸ್ ಆ್ಯಕ್ಷನ್‌ಗೆ ಮುಂಚಿನ, ನಿಜಾಮನ ಆಳ್ವಿಕೆಯ ಕೊನೆಯ ಆ ಮಳೆಗಾಲದಲ್ಲಿ ನಮ್ಮ ಸೀಮೆಯ ಹಳ್ಳಿಗಳು ಹೇಗಿದ್ದವು ಎಂಬುದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾವ ಊರಿಗೆ ಬೆಂಕಿ ಬಿತ್ತು, ಯಾರನ್ನು ಎಳೆದೊಯ್ದರು ಎಂಬ ಸುದ್ದಿಯಿಲ್ಲದೆ ಬೆಳಗಾಗುತ್ತಿರಲಿಲ್ಲ. ಕಲಬುರಗಿಯಲ್ಲಿ ನನ್ನ ಕಾಲೇಜು ಮುಚ್ಚಿತು. ಹಾಸ್ಟೆಲಿನ ಕೋಣೆಯಲ್ಲಿ ಟ್ರಂಕು, ಪುಸ್ತಕ ಎಲ್ಲ ಬಿಟ್ಟು ಹೇಗೋ ಊರು ಸೇರಿದ್ದೆ. ಮನೆಯಲ್ಲಿ ಅವ್ವ ಮತ್ತು ಹೆರಿಗೆಗೆ ಬಂದಿದ್ದ ಅಕ್ಕ. ಅಕ್ಕನಿಗೆ ಒಂಬತ್ತನೆಯ ತಿಂಗಳು ಬಿದ್ದಿತ್ತು.

ಸಭೆಯಲ್ಲಿ ಇಂಗ್ಲಿಷ್ ಪೇಪರು ಓದಬಲ್ಲವನು ನಾನೊಬ್ಬನೇ. ಊರವರು ನನ್ನ ಮುಖ ನೋಡುತ್ತಿದ್ದರು. ನನಗಾದರೋ ಊಟ ಸೇರುತ್ತಿರಲಿಲ್ಲ. ಕಲಬುರಗಿಯಲ್ಲಿ, ಕೋಟೆಯ ಹತ್ತಿರ ನನ್ನ ಗೆಳೆಯರಿದ್ದರು, ಮಿಶನ್ ಕಂಪೌಂಡಿಗೆ ಗಟ್ಟಿ ಗೋಡೆಯಿತ್ತು. ಈ ಮಣ್ಣಿನ ಮನೆಗಳಲ್ಲಿ ಏನಿದೆ? ಹೀಗೆ ಯೋಚಿಸುತ್ತಾ ಒಂದು ರವಿವಾರ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ಕೂತವನಿಗೆ ಮೈ ಬಿಸಿಯಾಯಿತು. ಎದ್ದು ನಿಂತೆ. ನನ್ನ ಬಾಯಿಂದ ಬಂದ ಮಾತು ಈಗಲೂ ಅಕ್ಷರ ತಪ್ಪದೆ ನೆನಪಿದೆ: "ಶುಕ್ರವಾರ ಸೂರ್ಯೋದಯಕ್ಕೆ ಮುನ್ನ ಈ ಸ್ಥಳವನ್ನು ಬಿಟ್ಟು ಹೊರಡಿರಿ. ಕೋಟೆಯ ನೆರಳಿನಲ್ಲಿ ನಿಮಗೆ ಆಶ್ರಯವನ್ನು ಸಿದ್ಧಮಾಡಿದ್ದೇನೆ, ಎಂದು ಕರ್ತನು ಹೇಳುತ್ತಾನೆ."

ಹೆಂಗಸರು ಅಳತೊಡಗಿದರು. ಸಭೆಯ ಹಿರಿಯರಾಗಿದ್ದ ಮುದುಕರೊಬ್ಬರು, ಯಾವ ಮಾತಿಗೂ ಬೇಗ ಒಪ್ಪದವರು, ಮೊಣಕಾಲೂರಿದರು. ನಾನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಈ ವಿಷಯದಲ್ಲಿ ಭಯ ಹುಟ್ಟಿಸುವ ಸಂಗತಿ. ಆ ಗಳಿಗೆಯಲ್ಲಿ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಆಯಿಯ ಒಲೆಯ ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಕನಸು ಕಂಡ ಮುದುಕಿಯರಿಗೆ ಇಟ್ಟ ಪರೀಕ್ಷೆ ಕಾಲೇಜು ಓದಿದವನಿಗೇಕೆ ಎಂದುಕೊಂಡೆ. ಆಯಿ ಹೇಳಿ ಕಳಿಸಿದಳು, ನೆಗಡಿ ಎಂದೆ. ಮಂಗಳವಾರ ಮತ್ತೆ ಹೇಳಿ ಕಳಿಸಿದಳು, ಹೋಗಲಿಲ್ಲ. ಈ ಸಲ ಸಭೆಯೂ ಅವಳ ರೂಢಿಗೆ ಕಾಯಲಿಲ್ಲ. ಸಂತೆಯಲ್ಲಿ ಆ ಹಿರಿಯರು ತಮ್ಮ ಮೂರು ಆಡು ಮಾರಿಬಿಟ್ಟರು. ಮನೆಮನೆಯಲ್ಲಿ ಗಂಟು ಕಟ್ಟಿದರು. ಅಕ್ಕ ಆ ಹೊಟ್ಟೆ ಹೊತ್ತುಕೊಂಡೇ ದಾರಿಗೆಂದು ಜೋಳ ಬೀಸಿದಳು. ಕಲಬುರಗಿಗೆ ಏಳು ಹರದಾರಿ, ಇಪ್ಪತ್ತು ಮೈಲಿಗೂ ಮಿಕ್ಕಿದ ದಾರಿ. ನಡೆದೇ ಹೋಗಬೇಕು.

ಗುರುವಾರ ಹೊತ್ತು ಏರುವಾಗ ಆಯಿ ತಾನೇ ನಮ್ಮ ಮನೆಗೆ ಬಂದಳು. ಬಟ್ಟೆಯಲ್ಲಿ ಕಟ್ಟಿದ ಎರಡು ರೊಟ್ಟಿ, ಮೇಲೆ ಪುಂಡಿಪಲ್ಯ. ಜೊತೆಗೆ ಯಾರೂ ಇರಲಿಲ್ಲ. ಕೇಳುವವರಾಗಿ ನನ್ನ ಅವ್ವನನ್ನೂ ಅಕ್ಕನನ್ನೂ ಕೂರಿಸಿದಳು.

"ನೀ ಬರಲಿಲ್ಲ, ಅದಕ ಒಲಿನೇ ನಡಕೋತ ಬಂದದ. ತಿನ್ನು."

ತಿಂದೆ. ನಾಲ್ಕು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ತಿಂದಿದ್ದೆ.

"ಈಗ ಹೇಳು. ಸಣ್ಣ ದನೀಲೆ."

ಕಿವಿ ನನ್ನ ಬಾಯಿಯ ಹತ್ತಿರ ಬಂತು. ಹೇಳಿದೆ. ಮೆಲ್ಲಗೆ ಹೇಳುವಾಗ "ಸೂರ್ಯೋದಯಕ್ಕೆ ಮುನ್ನ" ಎಂಬುದು ಯಾಕೋ ನಾಟಕದ ಮಾತಿನಂತೆ ಕೇಳಿಸಿತು.

"ಸ್ವಾಮಿ ನಿನ್ನ ಕೂಡ ಭಾಳ ಪುಸ್ತಕದ ಮಾತು ಆಡ್ಯಾನಲ್ಲೋ" ಎಂದಳು ಆಯಿ. ಅಕ್ಕ ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಹಚ್ಚಿಕೊಂಡಳು.

"ಮತ್ತೊಮ್ಮಿ ಹೇಳು. ಈಗ 'ಕರ್ತನು ಹೇಳುತ್ತಾನೆ' ಅನ್ನೋದು ತಗದು, 'ನಾ' ಅಂತ ಹಾಕಿ ಹೇಳು."

ನನ್ನ ಬಾಯಿಂದ ಬಂದದ್ದು ಇಷ್ಟೆ: "ನಾ ಶುಕ್ರವಾರ ಕಲಬುರಗಿಗಿ ಹೋಗಬೇಕಂತೀನಿ."

"ಹೋಗಬೇಕಂದ್ರ ಹೋಗು, ಯಾರು ಬ್ಯಾಡಂದ್ರು? ಒಬ್ಬನೇ ಹೋಗು."

"ಒಬ್ಬನೇ ಹ್ಯಾಂಗ ಹೋಗಲಿ ಆಯಿ? ದಾರ್ಯಾಗ..."

ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಅಕ್ಕನ ಹೊಟ್ಟೆಯನ್ನು ನೋಡಿದೆ. ಹೋಗಬೇಕೆನ್ನಿಸಿದ್ದು ನನಗೆ, ಒಬ್ಬನೇ ಹೋಗಲು ಹೆದರಿದ್ದು ನಾನು. ಮಂದಿಯ ನಡುವೆ ನಡೆದರೆ ಕತ್ತಿ ನನ್ನನ್ನು ಮುಟ್ಟಲಿಕ್ಕಿಲ್ಲ ಎಂಬ ಲೆಕ್ಕ ನನ್ನೊಳಗೆ ಎಲ್ಲಿಯೋ ಕೂತಿತ್ತು. ಅದಕ್ಕೇ ಈ ನಲವತ್ತು ಜನ.

ಆಯಿ ಬಯ್ಯಲಿಲ್ಲ. "ಹೆದರೋದು ಪಾಪ ಅಲ್ಲ ತಮ್ಮಾ" ಎಂದಳು. "ಯೇಸುಸ್ವಾಮಿನೂ ಸಾಯೋ ಹಿಂದಿನ ರಾತ್ರಿ ತ್ವಾಟದಾಗ ಕೂತು ಹೆದರಿ ಬೆವತಾನ. ಆದ್ರ ಹೆದರಿಕಿಗಿ ದೇವರ ಹೆಸರು ಇಡಬ್ಯಾಡ."

"ಮತ್ತ ಇಲ್ಲೇ ಇದ್ರ ನಾವು ಉಳಿತೀವೇನು?"

"ನನಗೇನು ಗೊತ್ತು? ನನಗ ಯಾರೂ ಏನೂ ಹೇಳಿಲ್ಲ. ಆದ್ರ ನಾಳಿ ಈ ಮಂದಿ ಹೊಂಟ್ರ ತಮ್ಮ ಬುದ್ಧಿಲೆ ಹೊಂಡಬೇಕು. ನಿನ್ನ ಕರ್ತನ ಮಾತು ಕೇಳಿ ಅಲ್ಲ. ಎದ್ದು ಹೋಗಿ ಹೇಳು."

ಆ ಮಧ್ಯಾಹ್ನ ಎಲ್ಲರನ್ನೂ ಕರೆಸಿದಳು. ಗಂಟುಗಳ ನಡುವೆ ನಿಂತು, ಅದು ಸ್ವಾಮಿಯ ಮಾತಲ್ಲ, ನನ್ನ ಹೆದರಿಕೆ ಎಂದೆ. ಹಿರಿಯರು ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ಕೋಲು ಎತ್ತಿಕೊಂಡು ಬಂದರು.

"ಐತವಾರ ಸ್ವಾಮಿ ಅಂದಿ, ಬೇಸ್ತವಾರ ಹೆದರಿಕಿ ಅಂತಿ! ನಡುವ ನನ್ನ ಮೂರು ಆಡು ಹೋದವಲ್ಲೋ ಮಗನೇ!"

"ಮುತ್ಯಾ, ಆಡಿನ ಸಿಟ್ಟು ನನ್ನ ಮ್ಯಾಲ ತೀರಿಸ್ಕೋ" ಎಂದು ಆಯಿ ನಡುವೆ ಬಂದಳು. "ಅವನು ಬರಲಿಲ್ಲ ಅಂತ ನಾ ಮೂರು ದಿನ ಬರೇ ಹೇಳಿ ಕಳಿಸಿ ಕುಂತೆ. ಐತವಾರನೇ ಎದ್ದು ಕೇಳಬೇಕಿತ್ತು. ತಪ್ಪು ನಂದೂ ಅದ."

ಒಬ್ಬರು ನನ್ನ ಕಡೆ ಉಗಿದರು. ಒಬ್ಬಳು, ಓದಿ ಓದಿ ತಲೆ ಕೆಟ್ಟಿದೆ ಎಂದಳು. ಸಂಜೆಯವರೆಗೆ ಮಾತು ನಡೆದು, ಬಸುರಿಯರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಆ ದಾರಿ ಹಿಡಿಯುವುದು ಬೇಡವೆಂದು ತೀರ್ಮಾನವಾಯಿತು. ಗಂಟು ಬಿಚ್ಚಿದರು. ನನ್ನ ಜೊತೆ ಯಾರೂ ಮಾತಾಡಲಿಲ್ಲ.

ಶುಕ್ರವಾರ ಹೊತ್ತು ಇಳಿಯುವಾಗ, ಕಲಬುರಗಿಗೆ ಬಾಳೆಹಣ್ಣು ಒಯ್ಯುತ್ತಿದ್ದ ಗಾಡಿಯ ಸಾಬರು ಅರ್ಧ ದಾರಿಯಿಂದ ತಿರುಗಿ ಬಂದರು. ಎತ್ತುಗಳ ಬಾಯಲ್ಲಿ ನೊರೆ. ಗಾಡಿಯಲ್ಲಿ ಒಂದು ಗೊನೆಯೂ ಇರಲಿಲ್ಲ.

"ಯಾ ಅಲ್ಲಾ, ಆ ಕಡಿ ಯಾರೂ ಹೋಗಬ್ಯಾಡ್ರಿ" ಎಂದರು, ಗಾಡಿ ಇಳಿಯುವ ಮೊದಲೇ. "ಹಳ್ಳದಾಗ ಕತ್ತಿ ಹಿಡಕೊಂಡು ನಿಂತಾರ. ನಡಕೋತ ಹೊಂಟಿದ್ದ ಮಂದೀನ್ನ ತಡದು ಕಡದಾರ. ಔರತ್ ಇಲ್ಲ, ಬಚ್ಚಾ ಇಲ್ಲ, ಹೆಂಗಸು ಮಕ್ಕಳು ಅಂತ ಏನೂ ನೋಡಿಲ್ಲ. ನಾ ಗೊನಿ ಎಲ್ಲಾ ಒಗದು ಗಾಡಿ ಹೊಳ್ಳಿಸಿದೆ."

ಹಳ್ಳದಲ್ಲಿ ನಿಂತಿದ್ದವರು ಯಾರ ಕಡೆಯವರೆಂದು ನಮಗೆ ಕೊನೆಗೂ ತಿಳಿಯಲಿಲ್ಲ. ಬೆಳಿಗ್ಗೆ ಹೊರಟಿದ್ದರೆ ನಾವು ಹೆಚ್ಚುಕಡಿಮೆ ಅದೇ ಹೊತ್ತಿಗೆ ಆ ಹಳ್ಳದಲ್ಲಿರುತ್ತಿದ್ದೆವು. ನಾನು ಗಾಡಿಯ ಗಾಲಿಗೆ ಒರಗಿ ಕೂತುಬಿಟ್ಟೆ. ಹಿರಿಯರು ಬಂದರು. ಕೋಲು ಕೈಯಲ್ಲೇ ಇತ್ತು. ಹೊಡೆಯುತ್ತಾರೆ ಎಂದುಕೊಂಡೆ. ಪಕ್ಕದಲ್ಲಿ ಕೂತು, "ಆಡು ಹೋದ್ರ ಹೋಗ್ಲಿ ಬಿಡು" ಎಂದು ಗಟ್ಟಿಯಾಗಿ ಅಳತೊಡಗಿದರು. ಅಕ್ಕನ ಮಗಳು ಹುಟ್ಟಿದ್ದು ಮರುವಾರ, ನಮ್ಮ ಮಣ್ಣಿನ ಮನೆಯಲ್ಲೇ. ಅಷ್ಟರಲ್ಲಿ ಹಿಂದುಸ್ತಾನದ ಫೌಜು ಬಂದ ಸುದ್ದಿಯೂ ಬಂದಿತ್ತು.

ಇಷ್ಟು ವರ್ಷ ಕಳೆದರೂ, ಕಲಬುರಗಿಯ ಖೂಬಾ ಪ್ಲಾಟಿನ ಈ ಮನೆಯಲ್ಲಿ ಕೂತು ಚಹಾ ಕುಡಿಯುವಾಗಲೂ ನಾನು ಒಮ್ಮೊಮ್ಮೆ ಆ ದಾರಿಯಲ್ಲಿ ನಡೆಯುತ್ತಿರುತ್ತೇನೆ. ಮುಂದೆ ನಾನು, ಹಿಂದೆ ಆ ನಲವತ್ತು ಜನ. ಹಳ್ಳ ಬರುವ ಮೊದಲು ಎಚ್ಚೆತ್ತು, ಹೋಗಲಿಲ್ಲ, ಹೋಗಲಿಲ್ಲ ಎಂದು ಎರಡು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ಸಭೆಯವರು ಆಯಿಯನ್ನೇ ಪ್ರವಾದಿನಿ ಎನ್ನಲು ಶುರುಮಾಡಿದರು. ಅವಳಿಗೆ ಕೆಟ್ಟ ಸಿಟ್ಟು. ನಾನೂ ಒಮ್ಮೆ, ಸ್ವಾಮಿ ನಿನಗೆ ಮೊದಲೇ ತೋರಿಸಿದ್ದನಲ್ಲವೇ ಎಂದು ಕೇಳಿದೆ.

"ಏನೂ ತೋರಿಸಿಲ್ಲ! ಆ ದಿನ ಹಳ್ಳದಾಗ ಒಂದು ಹುಳಾ ಸುದ್ದಾ ಇರದಿದ್ರೂ ನಿನ್ನ ಮಾತು ಸುಳ್ಳೇ ಇತ್ತು. ತಿಳೀತಿಲ್ಲೋ? ಎಲ್ಲರೂ ಸುಖದಿಂದ ಕಲಬುರಗಿ ಮುಟ್ಟಿದ್ರೂ ಸುಳ್ಳೇ. ಆವಾಗ ನೀ ಮತ್ತಿಷ್ಟು ಸುಳ್ಳು ಹೇಳ್ತಿದ್ದಿ, ಮಂದಿ ಮತ್ತಿಷ್ಟು ನಂಬತಿದ್ರು."

ಪ್ರವಾದನೆಯ ನಿಜ ಸುಳ್ಳಿನ ಬಗ್ಗೆ ಆಮೇಲೆ ದೊಡ್ಡ ದೊಡ್ಡ ಪಂಡಿತರ ಉಪನ್ಯಾಸ ಕೇಳಿದ್ದೇನೆ. ನುಡಿದದ್ದು ನಡೆಯಿತೋ ಇಲ್ಲವೋ ಎಂಬಲ್ಲಿಗೇ ಹಲವರು ನಿಲ್ಲುತ್ತಾರೆ. ಆಯಿ ಅದಕ್ಕಿಂತ ಹಿಂದೆ ಹೋಗಿ, ಆ ಮಾತು ಹುಟ್ಟಿದ ಜಾಗವನ್ನು ತಡವಿ ನೋಡುತ್ತಿದ್ದಳು.

ಅದಾಗಿ ಕೆಲವು ವರ್ಷಕ್ಕೆ, ಹೈದರಾಬಾದ್ ರಾಜ್ಯ ಇನ್ನೂ ಒಡೆದು ಹಂಚಿಹೋಗದಿದ್ದ ಕಾಲದಲ್ಲೇ ಆಯಿ ತೀರಿಕೊಂಡಳು. ನಾನಾಗ ಕಲಬುರಗಿಯಲ್ಲಿ ಮೇಷ್ಟ್ರಾಗಿದ್ದೆ. ಹೊಟ್ಟೆಯಲ್ಲಿ ಗಡ್ಡೆಯೆಂದು ಅವಳನ್ನು ಪಟ್ಟಣದ ಆಸ್ಪತ್ರೆಗೆ ತಂದಿದ್ದರು. ಊರಿಂದ ಬಂದವರೆಲ್ಲ ಮಂಚದ ಬಳಿ ನಿಂತು, ನೀ ಎದ್ದು ಓಡಾಡ್ತಿ ಅಂತ ಸ್ವಾಮಿ ನನಗೆ ತೋರಿಸ್ಯಾನ ಎಂದು ಹೇಳಿ ಹೋಗುತ್ತಿದ್ದರು. ಪಾಪ, ಪ್ರೀತಿಯಿಂದಲೇ ಹೇಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ನಾನು ಹೋದಾಗ ಅವಳ ಹತ್ತಿರ ಯಾರೂ ಇರಲಿಲ್ಲ. ಆಸ್ಪತ್ರೆ ಸೇರಿದ ಮೂರೇ ದಿನದಲ್ಲಿ ಬಹಳ ಸೊರಗಿ ಸಣ್ಣಗಾಗಿದ್ದಳು.

"ನಿನಗೇನು ತೋರಿಸ್ಯಾನಪಾ ಸ್ವಾಮಿ?" ಎಂದಳು. ಕಣ್ಣಲ್ಲಿ ತಮಾಷೆಯಿತ್ತು.

ಗುಣವಾಗುತ್ತದೆ ಎಂಬ ಮಾತು ನನ್ನ ನಾಲಗೆಯ ಮೇಲೆಯೇ ಇತ್ತು. ನುಂಗಿಕೊಂಡೆ.

"ಏನೂ ತೋರಿಸಿಲ್ಲ ಆಯಿ. ನೀ ಹೋಗಿಬಿಡ್ತಿ ಅಂತ ನನಗ ಘಾಬರಿ ಆಗ್ಯಾದ."

ಆಯಿ ದೀರ್ಘವಾಗಿ ಉಸಿರು ಬಿಟ್ಟಳು. ದೊಡ್ಡ ಹೊರೆ ಇಳಿಸಿ ಕೂತ ಕೂಲಿ ಹೆಂಗಸು ಬಿಡುವಂಥ ಉಸಿರು. ಹಾಸಿಗೆಯ ಮೇಲೆ ತಡಕಾಡಿ ನನ್ನ ಕೈ ಹಿಡಿದುಕೊಂಡಳು.

"ನನಗೂ ಆಗ್ಯಾದಪಾ" ಎಂದಳು. "ಬಂದವರೆಲ್ಲಾ ಏಳ್ತಿ ಏಳ್ತಿ ಅಂತಾರ. ಅವರ ಮುಂದ ಹ್ಯಾಂಗ ಹೇಳಲಿ? ಚಲೋ ಆತು ನೀ ಬಂದಿ. ಕುಂಡ್ರು, ಇಬ್ರೂ ಕೂಡಿ ಸ್ವಲ್ಪ ಹೆದರೋಣು."