ಕ್ಯಾಮೆರಾ ಕಾರ್ಡಿಗೆ ಇಳಿದ ಉಯಿಲು

ಹುಣಸೂರಿನ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿಯಿತ್ತು. ಕ್ರಯಪತ್ರ, ವಿಭಾಗಪತ್ರ, ಉಯಿಲು ಎಲ್ಲವನ್ನೂ ಹಳೆಯ ಕಂಪ್ಯೂಟರೊಂದರಲ್ಲಿ ಟೈಪ್ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಅಕ್ಕಪಕ್ಕದವರೆಲ್ಲ ಹೊಸ ಕಂಪ್ಯೂಟರ್ ತಂದಿದ್ದರು. ನನ್ನ ಬೆರಳಿಗೆ ಒಗ್ಗಿದ ಕನ್ನಡ ಸಾಫ್ಟ್‌ವೇರ್ ಮಾತ್ರ ಆ ಹಳೆಯದರಲ್ಲಿ ಬಿಟ್ಟು ಬೇರೆಲ್ಲೂ ಓಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅದರ ಹಾರ್ಡ್ ಡಿಸ್ಕ್ ಕರಕರ ಎನ್ನತೊಡಗಿತು. ಸಾಫ್ಟ್‌ವೇರಿನ ಫ್ಲಾಪಿಗಳಿಗೆ ಆಗಲೇ ಬೂಷ್ಟು ಹಿಡಿದಿತ್ತು, ಮತ್ತೆ ಹಾಕಿಕೊಳ್ಳುವಂತಿರಲಿಲ್ಲ.

ರಿಪೇರಿಗೆ ಬಂದವನು ಪಿರಿಯಾಪಟ್ಟಣದಲ್ಲಿ ಟೀವಿ ರಿಪೇರಿ ಮಾಡುತ್ತಿದ್ದ, ಹಾರನಹಳ್ಳಿ ಕಡೆಯ ಆಸಾಮಿ. ಕ್ಯಾಮೆರಾಗೆ ಹಾಕುವ ಮೆಮೊರಿ ಕಾರ್ಡನ್ನು ಬೆಂಕಿಪೊಟ್ಟಣದಷ್ಟಿದ್ದ ಅಡಾಪ್ಟರಿಗೆ ಸಿಕ್ಕಿಸಿ, "ಇನ್ಮೇಲೆ ಇದೇ ನಿಮ್ಮ ಹಾರ್ಡ್ ಡಿಸ್ಕ್ ಕಣಕ್ಕ," ಎಂದ. ಫೋಟೊ ಹಿಡಿಯುವ ಕಾರ್ಡಿನಲ್ಲಿ ಕಂಪ್ಯೂಟರ್ ಓಡುತ್ತದೆಂದರೆ ನಂಬುವುದಾದರೂ ಹೇಗೆ? ಮಾತಿಗೆಂದು ಅವನ ಮನೆತನ ಕೇಳಿದಾಗ ಇನ್ನಷ್ಟು ದಿಗಿಲಾಯಿತು. ಮಕ್ಕಳಿಲ್ಲದ ಅವನ ಚಿಕ್ಕಪ್ಪ ತಿಂಗಳ ಹಿಂದಷ್ಟೇ ನನ್ನಲ್ಲಿ ಉಯಿಲು ಬರೆಸಿದ್ದರು. ಜಮೀನೆಲ್ಲ ಇವನ ತಮ್ಮನಿಗೆ. ಇವನಿಗೆ ಏನೂ ಇಲ್ಲ. ಆ ಉಯಿಲು ಅದೇ ಡಿಸ್ಕಿನಲ್ಲಿತ್ತು.

ಕಾರ್ಡಿಗೆ ಎಲ್ಲವೂ ಇಳಿಯುವವರೆಗೆ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕುಳಿತೆ. ಕಾಫಿ ತರಲೂ ಏಳಲಿಲ್ಲ. ಇಳಿಸಿದ್ದಾಯಿತು, ಆದರೆ ಕಾರ್ಡಿನಿಂದ ಕಂಪ್ಯೂಟರ್ ಶುರುವಾಗಲಿಲ್ಲ.

"ಮನೇಲಿ ಇನ್ನೊಂದು ಕಂಪ್ಯೂಟರ್ ಐತೆ. ಅದ್ರಲ್ಲಿ ಸರಿ ಮಾಡ್ಕೊಂಡು ನಾಳೆ ತತ್ತೀನಿ," ಎಂದ.

"ಕಾರ್ಡು ಇಲ್ಲಿಂದ ಆಚೆ ಹೋಗಂಗಿಲ್ಲ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಅಂಗಾರೆ ಕಾರ್ಡಿಂದ ನಿಮ್ಮ ಪತ್ರಗಳ್ನ ಅಳಿಸ್ಬುಡಿ. ಬರೀ ಸಾಫ್ಟ್‌ವೇರ್ ತಕ್ಕೊಂಡೋಯ್ತೀನಿ."

ಒಂದೊಂದಾಗಿ ಅಳಿಸಿದೆ. ಮರುದಿನ ಅವನು ಕಾರ್ಡ್ ತಂದು ಹಾಕಿದಾಗ ಕಂಪ್ಯೂಟರ್ ಸದ್ದೇ ಇಲ್ಲದೆ ಶುರುವಾಯಿತು. ಹಳೆಯ ಡಿಸ್ಕ್ ಇನ್ನೂ ಉಸಿರಾಡುತ್ತಿತ್ತು. ಪತ್ರಗಳನ್ನು ಅದರಿಂದ ನಾನೇ ಮತ್ತೆ ಇಳಿಸಿಕೊಂಡೆ.

ಅಳಿಸಿದ್ದು ನಿಜಕ್ಕೂ ಅಳಿಯುವುದಿಲ್ಲ, ಗೊತ್ತಿದ್ದವರು ಅದನ್ನು ಮತ್ತೆ ತೆಗೆಯಬಲ್ಲರು ಎಂದು ಕೆ.ಆರ್. ನಗರದ ಟೈಪಿಸ್ಟ್ ಗೆಳತಿಯೊಬ್ಬಳು ಹೇಳಿದ್ದು ಆಮೇಲೆ. ಅಂದಿನಿಂದ ನನಗೆ ಸಮಾಧಾನವಿರಲಿಲ್ಲ. ಅವನು ಚಿಕ್ಕಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆತರುವುದನ್ನು ಕಂಡಾಗಲೆಲ್ಲ, ಉಯಿಲು ಓದಿದ್ದಾನೆ, ತಿದ್ದಿಸಲೆಂದೇ ಇಷ್ಟು ಸೇವೆ ಎಂದುಕೊಳ್ಳುತ್ತಿದ್ದೆ. ಇವತ್ತೋ ನಾಳೆಯೋ ಇಬ್ಬರೂ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆಂದು ಕಾದೆ. ಬರಲೇ ಇಲ್ಲ.

ಮುದುಕರು ತೀರಿಕೊಂಡ ಮೇಲೆ ಅವನೊಬ್ಬನೇ ಬಂದ. ಕೈಯಲ್ಲಿ ಆ ಉಯಿಲು.

"ತಮ್ಮನ ಹೆಸರಿಗೆ ಖಾತೆ ಆಗ್ಬೇಕು. ತಾಲ್ಲೂಕಾಫೀಸಿಗೆ ಒಂದು ಅರ್ಜಿ ಟೈಪ್ ಮಾಡ್ಕೊಡಿ ಅಕ್ಕ. ಅವನಿಗೆ ಇವೆಲ್ಲ ತಿಳಿಯಾಕಿಲ್ಲ."

ತಡೆಯಲಾಗದೆ ಕೇಳಿಬಿಟ್ಟೆ: "ಇದನ್ನ ಅವತ್ತು ಕಾರ್ಡಲ್ಲೇ ಓದಿದ್ರಾ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, "ಓ, ಅದಕ್ಕಾ ಅಂಗೆ ಕಾವಲು ಕೂತಿದ್ದು?" ಎಂದ. ನಗಲಿಲ್ಲ. "ಬರೆಸಿದ ದಿನ ಸಂಜೇನೇ ಚಿಕ್ಕಪ್ಪ ನಂಗೆ ಹೇಳಿದ್ರು ಕಣಕ್ಕ. ನಿಂಗೆ ಕೈಕಸುಬು ಐತೆ, ಅವನಿಗೇನೈತೆ ಅಂದ್ರು. ನಾನೂ ಊಂ ಅಂದೆ."

ಟೈಪ್ ಮಾಡಲು ಕುಳಿತೆ. ಸರ್ವೆ ನಂಬರನ್ನು ಎರಡು ಸಲ ತಪ್ಪು ಹೊಡೆದೆ. ಎರಡು ಸಲವೂ ಅವನು ಕಾಗದ ನೋಡದೆ ಬಾಯಲ್ಲೇ ಸರಿಯಾದದ್ದನ್ನು ಹೇಳಿದ.